ಇಪ್ಪತ್ತು ಕ್ಲಿಕ್ಕಿಗೆ ಒಂದು ಶರ್ಟ್

"ಇದು ನಡೆಯಲ್ಲ ಅಂತ ಒಂದು ಸಾಲು ಬರೆದುಕೊಡಿ ಸಾಕು. ನಾಳೆನೇ ಮಷಿನ್ ಮಾರ್ತೀನಿ."

ಮೊದಲ ಭೇಟಿಯಲ್ಲಿ, ಕೂತುಕೊಳ್ಳಿ ಅನ್ನುವುದಕ್ಕೂ ಮೊದಲು ಅವಳು ಅವನಿಗೆ ಹೇಳಿದ ಮಾತಿದು. ತಲೆ ಎತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುತ್ತಿದ್ದಳು.

ಬಾಗಿಲಲ್ಲಿ ನಿಂತಿದ್ದ ಅಕ್ಕ ಹಣೆ ಚಚ್ಚಿಕೊಂಡಳು. "ದುಡ್ಡು ಕೊಟ್ಟು ಕರೆಸಿದೀನಿ ಕಣೇ ಈ ಆ್ಯಡ್‌ನವರನ್ನ. ಮುಖ ನೋಡಿಯಾದ್ರೂ ಬೈಯಿ."

ಅವನು ನಗಲಿಲ್ಲ. ಬ್ಯಾಗ್ ಇಳಿಸಿ, ಬಟ್ಟೆ ಕತ್ತರಿಸುವ ಮೇಜಿನ ಮುಂದೆ ನಿಂತ.

"ಅಳತೆ ತಗೊಳ್ಳದೆ ನೀವು ಕತ್ತರಿ ಹಾಕ್ತೀರಾ?"

"ಇಲ್ಲ."

"ನಾನೂ ಹಾಕಲ್ಲ. ಮೂವತ್ತು ದಿನ ಕೊಡಿ."

ಆಗ ಅವಳು ತಲೆ ಎತ್ತಿದಳು. ಸಾಧಾರಣ ಮುಖ, ಸವೆದ ಕಾಲರ್, ಎರಡನೇ ಗುಂಡಿ ಬೇರೆ ಬಣ್ಣದ ದಾರದಲ್ಲಿ ಹೊಲಿದದ್ದು. ಟೈಲರ್ ಕಣ್ಣಿಗೆ ಮೊದಲು ಗುಂಡಿಯೇ ಕಾಣುವುದು. ಅದರಾಚೆ ಅವಳಿಗೆ ಏನೂ ಅನ್ನಿಸಲಿಲ್ಲ. ಎಂಟು ತಿಂಗಳಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ...

ಅಪ್ಪನಿಗೆ ಸ್ಟ್ರೋಕ್ ಆಗಿ ಬಲಗೈ ಬಿದ್ದುಹೋದಾಗ ಅವಳು ಆ ಶರ್ಟ್ ಹೊಲಿದಳು. ಬಗಲಿನಿಂದ ಪೂರ್ತಿ ಬಿಚ್ಚಿಕೊಳ್ಳುವ, ಒತ್ತಿದರೆ ಕೂರುವ ಟಿಚ್ ಬಟನ್ ಇಟ್ಟ ಶರ್ಟ್. ಒಂದೇ ಕೈಯಲ್ಲಿ, ಯಾರ ಹಂಗೂ ಇಲ್ಲದೆ ಹಾಕಿಕೊಳ್ಳಬಹುದು. ಅಪ್ಪನ ಹಟಕ್ಕೇ ಅವಳು ಅದನ್ನು ಆನ್‌ಲೈನ್‌ನಲ್ಲಿ ಮಾರಲು ಶುರು ಮಾಡಿದ್ದಳು. ಅಪ್ಪ ಹೋದರು. ಶರ್ಟುಗಳು ಕಪಾಟಿನಲ್ಲಿ ಉಳಿದವು. ಅವಳು ಅಳಲೂ ಇಲ್ಲ.

ಮೂವತ್ತು ದಿನ ಜಾಹೀರಾತು ಹಾಕಿ ನೋಡುವುದು, ಲಾಭ ಬಾರದಿದ್ದರೆ ಎಲ್ಲ ಮುಚ್ಚಿ ಅಕ್ಕನ ಮನೆಗೆ ಹೋಗುವುದು ಎಂದು ಅಕ್ಕತಂಗಿಯರ ನಡುವೆ ಒಪ್ಪಂದವಾಗಿತ್ತು. ಮುಚ್ಚಿಬಿಟ್ಟರೆ ಆ ಕಪಾಟನ್ನು ದಿನಾ ನೋಡುವುದಾದರೂ ತಪ್ಪೀತು ಎಂದು ಇವಳ ಆಸೆ.

ಅವನು ಪ್ಯಾಟರ್ನ್ ಪೇಪರಿನ ಅಂಚಿನಲ್ಲಿ ಸೀಮೆಸುಣ್ಣದಿಂದ ಬರೆದ. "ಶರ್ಟಿಗೆ ಒಂಬೈನೂರು. ಬಟ್ಟೆ, ನಿಮ್ಮ ಹೊಲಿಗೆ ಕೂಲಿ, ಕೊರಿಯರ್ ಎಲ್ಲ ಕಳೆದ್ರೆ ಉಳಿಯೋದು ಮುನ್ನೂರು. ಯಾರೋ ಏನೋ ಹುಡುಕ್ತಾರೆ, ನಮ್ಮ ಆ್ಯಡ್ ಕಾಣುತ್ತೆ. ಕಂಡ್ರೆ ಖರ್ಚಿಲ್ಲ. ಕ್ಲಿಕ್ ಮಾಡಿದ್ರೆ ಹದಿನೈದು. ಇಪ್ಪತ್ತು ಜನ ಕ್ಲಿಕ್ ಮಾಡಿ ಒಬ್ಬರು ಕೊಂಡ್ರೆ ಲಾಭನೂ ಇಲ್ಲ, ನಷ್ಟನೂ ಇಲ್ಲ. ಇಪ್ಪತ್ತೊಂದನೆಯವರು ಬೇಕಾದ್ರೆ ಮುಳುಗಿದ್ವಿ."

"ಮುಳುಗ್ತೀವಿ" ಎಂದಳು ಅವಳು.

ಅವಳ ಬಾಯಿ ಹರಕೆಯಂತೆ ಮೊದಲ ಹತ್ತು ದಿನ ಮುಳುಗಿದರು. ನೂರನಲವತ್ತು ಕ್ಲಿಕ್, ಎರಡು ಶರ್ಟ್.

ಅವನು ಸೋಮವಾರ, ಗುರುವಾರ ಬರುತ್ತಿದ್ದ. ಜನ ಏನೇನು ಟೈಪ್ ಮಾಡಿ ಬಂದರೆಂಬ ಪಟ್ಟಿಯನ್ನು ಗಟ್ಟಿಯಾಗಿ ಓದಿ, ಕೆಲಸಕ್ಕೆ ಬಾರದ್ದನ್ನು ಕಿತ್ತುಹಾಕುತ್ತಿದ್ದ.

"'ಗಂಡಸರ ಶರ್ಟ್'. ತೆಗೆದೆ. 'ಮದುವೆಗೆ ಶರ್ಟ್'. ಇವರಿಗೆ ನಾವು ಯಾಕೆ? ತೆಗೆದೆ. 'ಅಪ್ಪನಿಗೆ ಕೈ ಎತ್ತಕ್ಕಾಗಲ್ಲ ಶರ್ಟ್ ಹಾಕೋದು ಹೇಗೆ'..."

ಯಂತ್ರ ನಿಂತಿತು.

ಅದೇ ಮಾತು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನೂ ಇದನ್ನೇ ಟೈಪ್ ಮಾಡಿದ್ದೆ. ಆಗ ಯಾರೂ ಸಿಕ್ಕಿರಲಿಲ್ಲ...

"ಇದನ್ನ ತೆಗೀಬೇಡಿ" ಎಂದಳು.

"ಇದನ್ನಿಟ್ಟು ಮಿಕ್ಕಿದ್ದೆಲ್ಲ ತೆಗಿಯೋಣ ಅಂತಿದೀನಿ" ಎಂದ ಅವನು.

ಅವತ್ತೇ ಅವನು ಯಂತ್ರದ ಮೇಲಿನ ಮಿಣುಕು ದೀಪ ಬದಲಿಸಿದ. ಮುಂದಿನ ಗುರುವಾರ, "ಬೀದಿ ತುದಿಯಲ್ಲಿ ಟೀ ಚೆನ್ನಾಗಿರುತ್ತೆ. ಬರ್ತೀರಾ?" ಎಂದ. ಅವಳು ಅವನನ್ನು ನೋಡಿದಳು. ಬರುತ್ತೇನೆ ಅನ್ನಲಿಲ್ಲ, ಬರುವುದಿಲ್ಲ ಅನ್ನಲೂ ಇಲ್ಲ. ಸೋಮವಾರ ಮತ್ತೆ ಕೇಳಿದ. ಅವಳು ಮತ್ತೆ ನೋಡಿದಳು. ಮೌನ ಒಪ್ಪಿಗೆಯ ಲಕ್ಷಣ ಅನ್ನುತ್ತಾರೆ. ಇವಳ ಮೌನ ಯಾವ ಲಕ್ಷಣವೂ ಅಲ್ಲ, ಬರೀ ಮೌನ.

ಆಮೇಲೆ ಅವನು ಬರುವುದನ್ನು ಬಿಟ್ಟ. ಗುರುವಾರದ ಅಂಕಿಗಳು ಮೇಲ್‌ನಲ್ಲಿ ಬಂದವು.

ಯಂತ್ರದ ಸದ್ದು ಜಾಸ್ತಿಯಾಗಿದೆ ಎಂದು ಅವಳಿಗೆ ಅನ್ನಿಸಿತು. ಎಣ್ಣೆ ಹಾಕಿದಳು. ಸದ್ದು ಹಾಗೇ ಇತ್ತು.

ಇಪ್ಪತ್ನಾಲ್ಕನೇ ದಿನ ಬೆಳಿಗ್ಗೆ ಅವಳು ಫೋನಿನಲ್ಲಿ ಹುಡುಕಿದಾಗ ಆ್ಯಡ್ ಕಾಣಲಿಲ್ಲ. ಮತ್ತೆ ಹುಡುಕಿದಳು. ಇಲ್ಲ. ಮಧ್ಯಾಹ್ನವೂ ಇಲ್ಲ.

ಫೋನ್ ಮಾಡಿದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಆ್ಯಡ್ ನಿಲ್ಲಿಸಿದೀರಿ. ದುಡ್ಡು ಮಾತ್ರ ತಗೊಂಡ್ರಿ. ಇರಲಿ ಬಿಡಿ... ಹೇಳಿ ನಿಲ್ಲಿಸಬಹುದಿತ್ತು."

ಅರ್ಧ ಗಂಟೆಯಲ್ಲಿ ಅವನು ಬಾಗಿಲಲ್ಲಿದ್ದ. ಮುಖ ಕೆಂಪಾಗಿತ್ತು.

"ಅಕ್ಕ, ನಿಮ್ಮ ಫೋನ್‌ನಲ್ಲಿ ಹುಡುಕಿ."

ಅಕ್ಕ ಹುಡುಕಿದಳು. ಎಲ್ಲಕ್ಕಿಂತ ಮೇಲೆ ಇವರ ಶರ್ಟೇ ಇತ್ತು.

"ಇಲ್ಲಿ ಜಾತ್ರೆ ತೇರಿನ ಥರ ಎದ್ದು ಕಾಣ್ತಿದೆಯಲ್ಲೇ!" ಎಂದಳು ಅಕ್ಕ.

ಅವನು ತಂಗಿಯ ಕಡೆ ತಿರುಗಿದ. "ನೀವು ದಿನಕ್ಕೆ ಎಷ್ಟು ಸಲ ಹುಡುಕ್ತೀರಾ?"

"ಮೂವತ್ತು... ನಲವತ್ತು."

"ಒಂದು ಸಲನಾದ್ರೂ ಒತ್ತಿದೀರಾ?"

"ಒತ್ತಿದ್ರೆ ಹದಿನೈದು ಹೋಗುತ್ತೆ ಅಂತ ನೀವೇ ಹೇಳಿದ್ದು."

ಅವನು ಉಸಿರು ಬಿಟ್ಟು ಸ್ಟೂಲಿನ ಮೇಲೆ ಕೂತ. "ಯಾರೋ ನೋಡ್ತಾನೇ ಇದಾರೆ, ಒತ್ತಲ್ಲ ಅಂತ ನಾನು ಮೂರು ವಾರದಿಂದ ತಲೆ ಕೆರ್ಕೊಂಡಿದೀನಿ. ಅದು ನೀವಾ... ನೋಡಿ, ಆ ಹುಡುಕೋ ಸೈಟಿಗೇನು ಮನಸ್ಸಿದೆಯಾ? ಇವರು ಇಷ್ಟು ಸಲ ನೋಡಿದ್ರು, ಒಂದು ಸಲನೂ ಮುಟ್ಟಲಿಲ್ಲ, ಇವರಿಗೆ ಬೇಡ ಅಂತ ತಿಳ್ಕೊಳ್ಳುತ್ತೆ. ನಿಮಗೆ ತೋರಿಸೋದು ನಿಲ್ಲಿಸುತ್ತೆ. ಅಷ್ಟೇ."

"ನನಗೆ ಬೇಡ ಅಂತ ನಾನು ಹೇಳಲಿಲ್ಲ" ಎಂದಳು ಅವಳು.

"ಬೇಕು ಅಂತಾನೂ ಹೇಳಲಿಲ್ಲ."

ಹೇಳಿದ ಮೇಲೆ ಅವನಿಗೇ ತಾನು ಯಾವುದರ ಬಗ್ಗೆ ಮಾತಾಡಿದೆನೆಂದು ತಿಳಿಯಿತು. ಎದ್ದು ಹೊರಟ. ಅಕ್ಕ ಇಬ್ಬರನ್ನೂ ನೋಡಿ, ಇಲ್ಲದ ಕೆಲಸ ನೆನಪು ಮಾಡಿಕೊಂಡು ಒಳಗೆ ಹೋದಳು.

ಆ ವಾರವೆಲ್ಲ ಅವಳು ಫೋನ್ ಮುಟ್ಟಲಿಲ್ಲ. ಆ ದೀಪ ಹಾಕಿದಾಗ ಚೆನ್ನಾಗಿದೆ ಎಂದೆನೆ? ಇಲ್ಲ. ಟೀಗೆ ಕರೆದಾಗ ಕಾಲು ತಾನಾಗಿ ಚಪ್ಪಲಿ ಹುಡುಕಿತ್ತಲ್ಲ, ಹೇಳಿದೆನೆ? ಇಲ್ಲ. ಅಪ್ಪನಿಗೂ ಕೊನೆಯ ದಿನ ಏನೂ ಹೇಳಲಿಲ್ಲ, ಶರ್ಟ್ ಸರಿ ಮಾಡಿ ಸುಮ್ಮನೆ ನೋಡುತ್ತ ನಿಂತಿದ್ದೆ... ಅಂದುಕೊಳ್ಳುತ್ತಿದ್ದಂತೆ ಬಟ್ಟೆಯ ಮೇಲೆ ಒಂದು ಹನಿ ಬಿತ್ತು. ತನ್ನ ಕಣ್ಣಿನದೆಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ಮೂವತ್ತನೇ ದಿನ ಅವನು ಬಂದ. ಕಾಗದ ಮೇಜಿನ ಮೇಲಿಟ್ಟ.

"ಕೊನೆಯ ಇಪ್ಪತ್ತು ದಿನದಲ್ಲಿ ಇನ್ನೂರಾ ಎಪ್ಪತ್ತೆರಡು ಕ್ಲಿಕ್, ಹದಿನೇಳು ಶರ್ಟ್. ಹದಿನಾರಕ್ಕೆ ಒಂದು. ಮೊದಲ ಹತ್ತು ದಿನದ ನಷ್ಟ ಸೇರಿಸಿದ್ರೆ ಈ ತಿಂಗಳು ನಾನೂರೆಂಬತ್ತು ರೂಪಾಯಿ ಕೈ ಬಿಟ್ಟಿದೆ. ಮುಂದಿನ ತಿಂಗಳು ಬಿಡಲ್ಲ. ಆದ್ರೆ ದೊಡ್ಡದಾಗೋ ಆಸೆ ಬೇಡ. ಇದನ್ನ ಹುಡುಕೋರೇ ಕಮ್ಮಿ. ದುಡ್ಡು ಎರಡರಷ್ಟು ಸುರಿದ್ರೆ ಗಿರಾಕಿ ಎರಡರಷ್ಟು ಆಗಲ್ಲ."

"ಅಂದ್ರೆ?"

"ನಡೆಯುತ್ತೆ. ಸಣ್ಣದಾಗಿ. ನಡೆಯಲ್ಲ ಅಂತ ಬರೆದುಕೊಡೋಕೆ ಆಗಲಿಲ್ಲ, ಕ್ಷಮಿಸಿ."

ಅವಳು ಕಾಗದ ಮಡಿಚಿ ಕಪಾಟಿನಲ್ಲಿ, ಅಪ್ಪನ ಮೊದಲ ಶರ್ಟಿನ ಕೆಳಗಿಟ್ಟಳು. "ನಡೆಯೋದನ್ನ ಮುಚ್ಚಬಾರದು, ಅಲ್ವಾ ಅಕ್ಕ?"

ಒಳಗಿನಿಂದ ಅಕ್ಕ ಮೂಗೊರೆಸಿಕೊಳ್ಳುವ ಸದ್ದು ಬಂತು.

ಅವನು ಬ್ಯಾಗ್ ಎತ್ತಿಕೊಂಡ. ಬಾಗಿಲು ದಾಟುವ ಮೊದಲು ಅವನ ತೋಳಿನ ಮೇಲೆ ಒಂದು ಕೈ ಬಂದು ಕೂತಿತು. ಬೆರಳ ತುದಿಯೆಲ್ಲ ಸೂಜಿ ಚುಚ್ಚಿದ ಗುರುತು.

"ಟೀಗೆ ಕರೆದಿದ್ರಲ್ಲ... ಅದನ್ನ ತೆಗೆದುಹಾಕಿದ್ರಾ?"

ಅವನು ಆ ಕೈಯನ್ನೇ ನೋಡಿದ. "ನಿಲ್ಲಿಸಿದ್ದೆ. ತೆಗೆದುಹಾಕೋಕೆ ಮನಸ್ಸಾಗಲಿಲ್ಲ."

"ನನಗೆ ಮಾತು ತಡವಾಗಿ ಬರುತ್ತೆ. ಕಾಯ್ತೀರಾ?"

"ಮೂವತ್ತು ದಿನದಲ್ಲಿ ಬರಬೇಕು ಅಂತೇನಿಲ್ಲ."

ಅವಳು ಯಂತ್ರದ ಮೇಲಿನ ದೀಪ ಆರಿಸಿದಳು. ಚಪ್ಪಲಿ ಮೆಟ್ಟಿಕೊಂಡಳು.

"ಟೀ ಕುಡಿದು ಬಂದು ನಿಮ್ಮ ಆ ಗುಂಡಿ ಸರಿಯಾದ ದಾರದಲ್ಲಿ ಹೊಲೀತೀನಿ. ಮೊದಲನೇ ದಿನದಿಂದ ನೋಡ್ತಿದೀನಿ."

"ಮೊದಲನೇ ದಿನದಿಂದಾನಾ?"

"ಹೂಂ" ಎಂದಳು ಅವಳು. "ಮೊದಲನೇ ದಿನದಿಂದಾನೇ."