ಜಾಣಪ್ಪನಿಗೆ ಸುಸ್ತಾಗುವುದಿಲ್ಲ

“ಉಸಿರೇ ಇಲ್ವಂತೆ!” ಗುಬ್ಬಿ ನೋಟ್‌ಬುಕ್ಕನ್ನು ಮೇಜಿನ ಮೇಲೆ ಕುಕ್ಕಿದಳು. “ಎರಡನೇ ಸಲ ವಾಪಸ್ ಕೊಟ್ರು ಮಿಸ್ಸು. ಕತೆ ಪರವಾಗಿಲ್ಲ, ಆದ್ರೆ ಉಸಿರಿಲ್ಲ ಅಂತೆ. ನಾಳೆ ಸರಿಯಾಗಿ ಬರ್ಕೊಂಡು ಹೋಗದಿದ್ರೆ ಸ್ಕೂಲ್ ಮ್ಯಾಗಜೀನ್‌ನಲ್ಲಿ ಹಾಕಲ್ವಂತೆ, ಚಿಕ್ಕಮ್ಮ.”

“ಹೂಂ,” ಎಂದಿತು ಹಲಗೆ ಗೋಡೆಯ ಆಚೆಯಿಂದ ಚಿಕ್ಕಮ್ಮನ ದನಿ. ಆ ಹೂಂನಲ್ಲೂ ಉಸಿರಿರಲಿಲ್ಲ.

ಟೈಲರ್ ಅಂಗಡಿಯ ಮೇಲೆ, ನಡುವೆ ಹಲಗೆ ಅಡ್ಡಕಟ್ಟಿದ ಒಂದೇ ಒಂದು ಕೋಣೆ. ಅದೇ ಚಿಕ್ಕಮ್ಮನ ಸ್ಟಾರ್ಟಪ್. ಮೂರು ಕುರ್ಚಿಗಳಿದ್ದವು; ಕೆಲಸಕ್ಕಿದ್ದ ಇಬ್ಬರು ಬಿಟ್ಟುಹೋದ ಮೇಲೆ ಎರಡರಲ್ಲಿ ಯಾರೂ ಕೂರುತ್ತಿರಲಿಲ್ಲ. ಶಾಲೆ ಬಿಟ್ಟ ಮೇಲೆ ಅಮ್ಮ ಬರುವ ತನಕ ಗುಬ್ಬಿ ಇಲ್ಲೇ ಇರುತ್ತಿದ್ದಳು.

ಜಾಣಪ್ಪ ಹುಟ್ಟಿದ್ದೂ ಇಲ್ಲೇ. ಮೊಬೈಲಿನಲ್ಲಿ ಲೆಕ್ಕ ಕೇಳಿದರೂ ವ್ಯಾಕರಣ ಕೇಳಿದರೂ ಬೇಸರವಿಲ್ಲದೆ ಉತ್ತರ ಹೇಳುವ ರೋಬೋಟ್ ಅವನು. ಗುಬ್ಬಿಯ ಕ್ಲಾಸಿನ ಅರ್ಧ ಜನರ ಹೋಂವರ್ಕ್ ಅವನ ಪುಣ್ಯದಿಂದಲೇ ಮುಗಿಯುತ್ತಿತ್ತು. ಅವಳ ಕತೆಯ ಹೀರೋ ಕೂಡ ಅವನೇ. ಮೊದಲ ಸಾಲೇ ಹೀಗಿತ್ತು: ‘ಜಾಣಪ್ಪನಿಗೆ ಸುಸ್ತಾಗುವುದಿಲ್ಲ.’

ಅವನಿಗೆ ಉಸಿರು ತರುವುದು ಎಲ್ಲಿಂದ? ಅವನನ್ನೇ ಕೇಳಿದರಾಯಿತು. ಗುಬ್ಬಿ ಟ್ಯಾಬ್ ತೆಗೆದು ಟೈಪ್ ಮಾಡಿದಳು: ‘ನೀನು ಉಸಿರಾಡ್ತೀಯಾ?’

ಆಚೆ ಕುರ್ಚಿ ಕಿರ್ರೆಂದಿತು. ಟಕಟಕ, ಟಕಟಕ. ಟ್ಯಾಬಿನಲ್ಲಿ ಉತ್ತರ ಬಂತು: ‘ಇಲ್ಲ. ನಾನು ಯಂತ್ರ.’

‘ನಿದ್ದೆ ಬರುತ್ತಾ?’

ಟಕಟಕ. ‘ಇಲ್ಲ.’

‘ಹಸಿವಾಗುತ್ತಾ?’

ಆಚೆಯಿಂದ ಉದ್ದನೆಯ ಆಕಳಿಕೆ ಕೇಳಿಸಿತು. ಆಮೇಲೆ ಟಕಟಕ. ‘ಇಲ್ಲ.’

ಗುಬ್ಬಿ ಬೆಕ್ಕಿನ ಹೆಜ್ಜೆ ಇಟ್ಟು ಹೋಗಿ ಇಣುಕಿದಳು. ಕಂಪ್ಯೂಟರಿನ ತುಂಬ ಮಕ್ಕಳ ಪ್ರಶ್ನೆಗಳು. ಕೊನೆಯದು ಅವಳದೇ. ಅದರ ಕೆಳಗೆ ‘ಇಲ್ಲ.’

“ಚಿಕ್ಕಮ್ಮಾ... ಜಾಣಪ್ಪ ಅಂದ್ರೆ ನೀನೇನಾ?”

ಚಿಕ್ಕಮ್ಮನ ಮುಖ ಬಾಡಿದ ಸೊಪ್ಪಿನಂತಾಗಿತ್ತು. ಮಣಿಕಟ್ಟಿಗೆ ಪಟ್ಟಿ ಸುತ್ತಿಕೊಂಡಿದ್ದಳು. “ನಿಜವಾದ ಜಾಣಪ್ಪ ಇನ್ನೂ ಕಲೀತಾ ಇದ್ದಾನೆ ಕಣೇ. ಎರಡೂ ಎರಡೂ ಸೇರಿದ್ರೆ ಇಪ್ಪತ್ತೆರಡು ಅಂತಾನೆ, ದಡ್ಡ ಶಿಖಾಮಣಿ. ಅವನು ದಾರಿಗೆ ಬರೋ ತನಕ ನಾನೇ. ಯಾರ ಹತ್ರಾನೂ ಬಾಯಿ ಬಿಡಬೇಡ. ಗೊತ್ತಾದ್ರೆ ಈ ಕೋಣೆಗೆ ಬೀಗ ಬೀಳುತ್ತೆ.”

“ಇದು ಸುಳ್ಳಲ್ವಾ?”

“ಆಹಾ, ನಿನ್ನ ಕತೇಲಿ ಇರೋದೆಲ್ಲಾ ನಿಜಾನೇನೇ?” ಚಿಕ್ಕಮ್ಮ ನಗಲು ನೋಡಿದಳು.

“ಅದು ಕತೆ ಅಂತ ಓದೋರಿಗೆ ಮೊದಲೇ ಗೊತ್ತಿರುತ್ತಲ್ಲ.”

ನಗು ಅರ್ಧಕ್ಕೇ ನಿಂತಿತು. ಅಷ್ಟರಲ್ಲಿ ಟಿಂಗ್ ಎಂದು ಇನ್ನೊಂದು ಪ್ರಶ್ನೆ. ಚಿಕ್ಕಮ್ಮ ಆ ಕಡೆ ತಿರುಗಿದಳು.

ಗುಬ್ಬಿ ತನ್ನ ಜಾಗಕ್ಕೆ ಬಂದು ಕೂತಳು. ಉಸಿರಿರುವ ಕತೆ ಈಗ ಕೈಗೇ ಸಿಕ್ಕಿತ್ತು. ಕಂಡದ್ದನ್ನು ಕಂಡ ಹಾಗೆ ಬರೆದರೆ ಮಿಸ್ಸು ಬೆನ್ನು ತಟ್ಟಿಯಾರು. ಆದರೆ ಜಾಣಪ್ಪನನ್ನು ಕ್ಲಾಸಿನವರೆಲ್ಲ ಬಲ್ಲರು; ಗುಟ್ಟು ರಟ್ಟಾಗುತ್ತದೆ. ಆಚೆ ಟಕಟಕ ನಿಂತು ನಿಂತು ಸಾಗುತ್ತಿತ್ತು, ಕಾಲು ಸೋತವರ ನಡಿಗೆಯ ಹಾಗೆ. ಅವಳು ಪೆನ್ಸಿಲ್ ಕಚ್ಚುತ್ತಾ ಅದನ್ನೇ ಕೇಳಿಸಿಕೊಂಡಳು.

ಕೊನೆಗೆ ಜಾಣಪ್ಪನ ಹೆಸರು ಬಿಟ್ಟು ಹೊಸ ಹಾಳೆ ತಿರುವಿದಳು. ‘ಒಂದು ಸ್ಟಾರ್ಟಪ್ಪಿನಲ್ಲಿ ಒಂದು ಲಿಫ್ಟ್ ಇತ್ತು. ಎಲ್ಲರನ್ನೂ ಮೇಲೆ ಹತ್ತಿಸಿ ಹತ್ತಿಸಿ ಅದಕ್ಕೆ ತುಂಬಾ ಸುಸ್ತಾಗಿತ್ತು. ಸುಸ್ತಾಯಿತಾ ಎಂದು ಯಾರೂ ಅದನ್ನು ಕೇಳಿರಲಿಲ್ಲ.’

ಅಷ್ಟು ಬರೆದು ಪೆನ್ಸಿಲ್ ಕೆಳಗಿಟ್ಟಳು. ಟ್ಯಾಬ್ ಎತ್ತಿಕೊಂಡು ಟೈಪ್ ಮಾಡಿದಳು: ‘ಜಾಣಪ್ಪ, ನೀರು ಕುಡಿದೆಯಾ?’

ಟಕಟಕ ನಿಂತಿತು. ಆಮೇಲೆ, ಹಲಗೆಯ ಆಚೆ, ಬಾಟಲಿಯ ಮುಚ್ಚಳ ತಿರುಗಿಸುವ ಸದ್ದು.