ಮಣ್ಣಿನ ಬಿಸಿ ಬರೆದಿಟ್ಟವನು

"ಅಲ್ಲೇ ನಿಲ್ಲಿ. ಕಾಲು ಎತ್ತಬೇಡಿ."

ಹಿಂದಿನಿಂದ ಬಂದ ಗಂಡಸಿನ ದನಿಗೆ ಅವಳು ಕಲ್ಲಾದಳು. ಚಕ್ರದ ಮೇಲಿದ್ದ ತನ್ನ ಯಂತ್ರವನ್ನು ಎಳೆಯುವ ಭರದಲ್ಲಿ ಕೆಂಪು ಬಣ್ಣ ಬಳಿದ ಕಲ್ಲುಗಳ ಸಾಲನ್ನು ನಾಲ್ಕು ಹೆಜ್ಜೆ ದಾಟಿಬಿಟ್ಟಿದ್ದಳು. ಅದು ಶಾಲೆಯ ಆಟದ ಮೈದಾನ. ಯುದ್ಧ ಮುಗಿದು ಹನ್ನೊಂದು ವರ್ಷವಾದರೂ ಅದರಡಿ ನೆಲಬಾಂಬ್‌ಗಳು ಹಾಗೆಯೇ ಮಲಗಿದ್ದವು.

ಅವನು ಮಂಡಿಯೂರಿ, ತೆಳು ಕಡ್ಡಿಯಿಂದ ಮಣ್ಣನ್ನು ಚುಚ್ಚಿ ಚುಚ್ಚಿ ನೋಡುತ್ತ ಅವಳ ಬಳಿಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. ಅವಳ ಬೂಟಿನ ಸುತ್ತಲೂ ನೋಡಿ, ಮಣಿಕಟ್ಟು ಹಿಡಿದು, ತಾನು ಬಂದ ದಾರಿಯಲ್ಲೇ ಈಚೆ ಕರೆತಂದ.

ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಭಯಕ್ಕೋ, ಆ ಹಿಡಿತಕ್ಕೋ... ಅವಳಿಗೆ ತಿಳಿಯಲಿಲ್ಲ. ನಮಗೆ ತಿಳಿಯಿತು, ಇರಲಿ ಬಿಡಿ.

"ನಿಮ್ಮ ಯಂತ್ರ ಬುದ್ಧಿವಂತ ಇರಬಹುದು ಮೇಡಂ. ಕಾಲು ಮಾತ್ರ ನಿಮ್ಮದೇ. ನೋಡಿ ಇಡಿ," ಎಂದ ಅವನು.

ಅವನು ಅಲ್ಲಿ ನೆಲಬಾಂಬ್ ತೆಗೆಯುವ ತಂಡದ ಮುಖ್ಯಸ್ಥ. ಎಲ್ಲರ ಬಾಯಲ್ಲೂ 'ಮೇಸ್ತ್ರಿ'. ಯಂತ್ರ ಕಟ್ಟಿದ ಇಂಜಿನಿಯರ್ ಆದ ಅವಳು ಒಂದೇ ದಿನದಲ್ಲಿ 'ರೇಡಿಯೋ ಮೇಡಂ' ಆದಳು.

ಮೇಸ್ತ್ರಿಯ ತಂಡದ ಬಳಿ ಇದ್ದದ್ದು ಲೋಹ ಹುಡುಕುವ ಸಾಧನ. ಅದು ಮೊಳೆಗೂ ಕಿರುಚುತ್ತಿತ್ತು, ಡಬ್ಬಿಯ ಮುಚ್ಚಳಕ್ಕೂ ಕಿರುಚುತ್ತಿತ್ತು. ನೂರು ಸಲ ಮಂಡಿಯೂರಿದರೆ ತೊಂಬತ್ತೊಂಬತ್ತು ಸಲ ಸಿಗುತ್ತಿದ್ದದ್ದು ಬರೀ ತುಕ್ಕು. ಅವಳ ಯಂತ್ರ ಮಣ್ಣಿನೊಳಗೆ ರೇಡಿಯೋ ತರಂಗ ಕಳಿಸಿ ಸುಮ್ಮನೆ ಕಿವಿಗೊಡುತ್ತಿತ್ತು. ರೇಡಿಯೋದಲ್ಲಿ ಒಂದೊಂದು ಸ್ಟೇಷನ್ನಿಗೆ ಒಂದೊಂದು ಜಾಗ ಇರುವಂತೆ, ಸ್ಫೋಟಕದ ಪುಡಿಯೂ ತನ್ನದೇ ಜಾಗದಲ್ಲಿ ಸಣ್ಣಗೆ ಉತ್ತರ ಕೊಡುತ್ತದೆ. ಮುಟ್ಟದೆ, ಅಗೆಯದೆ, ಕೆಳಗೆ ಇರುವುದು ಏನೆಂದು ಹೇಳಿಬಿಡಬಹುದು. ಇದಕ್ಕಾಗಿ ಅವಳು ಆರು ವರ್ಷ ಸವೆಸಿದ್ದಳು.

ಮೂರು ವಾರ ಇಬ್ಬರೂ ಜೊತೆಗೇ ಕೆಲಸ ಮಾಡಿದರು. ಅವನು ಕೇಳಿದ ಪ್ರಶ್ನೆಗಳನ್ನು ಅವಳ ಮೇಲಧಿಕಾರಿಗಳೂ ಕೇಳಿರಲಿಲ್ಲ. ಊಟದ ಹೊತ್ತಿಗೆ ಅವನು ಬರುವುದು ತಡವಾದರೆ ಅವಳಿಗೆ ಹಸಿವೇ ಆಗುತ್ತಿರಲಿಲ್ಲ.

ಪರೀಕ್ಷೆಯ ದಿನ ಪಕ್ಕದ ಖಾಲಿ ಜಾಗದಲ್ಲಿ, ಪುಡಿ ಹಾಗೆಯೇ ಉಳಿಸಿ ಸಿಡಿಯದಂತೆ ಮಾಡಿದ ಹನ್ನೆರಡು ಬಾಂಬ್‌ಗಳನ್ನು ಹೂತಿಟ್ಟರು. ಯಂತ್ರ ಐದನ್ನು ಹಿಡಿಯಿತು. ಉಳಿದ ಏಳರ ಮೇಲೆ ಏನೂ ಇಲ್ಲ ಎಂದಿತು.

ಎರಡು ದಿನದ ಮೇಲೆ, ನೆಲಬಾಂಬ್ ತೆಗೆಸುವ ಕಚೇರಿಗೆ ಮೇಸ್ತ್ರಿ ಬರೆದ ವರದಿಯ ಪ್ರತಿ ಅವಳಿಗೆ ಬಂತು. 'ಈ ಯಂತ್ರವನ್ನು ನಂಬಿ ನನ್ನ ಜನರನ್ನು ಮೈದಾನಕ್ಕೆ ಬಿಡಲಾರೆ.' ಮೊದಲ ಸಾಲು ಅಷ್ಟೇ. ಅವಳು ಮುಂದೆ ಓದಲಿಲ್ಲ. ನೇರ ಅವನ ಮುಂದೆ ಹೋಗಿ ನಿಂತಳು.

"ನಿಮ್ಮ ಕಡ್ಡಿಗೆ ಕೆಲಸ ಇರಲ್ಲ ಅನ್ನೋ ಭಯ ನಿಮಗೆ. ಅದಕ್ಕೇ ಹೀಗೆ ಬರೆದಿರಿ."

ಅವನ ಮುಖ ಬಿಳಿಚಿತು. ಕಡ್ಡಿಯನ್ನು ಎತ್ತಿಕೊಂಡು ತಿರುಗಿ ನಡೆದ. ಅವಳು ಮನೆಗೆ ಬಂದು, ವರದಿಯನ್ನು ಮೂಲೆಗೆ ಎಸೆದು, ದಿಂಬಿಗೆ ಮುಖ ಒತ್ತಿ ಅತ್ತಳು. ಯಂತ್ರ ಹೋಗಿದ್ದಕ್ಕಿಂತ ಅವನು ಹೋಗಿದ್ದೇ ಹೆಚ್ಚು ಸುಡುತ್ತಿತ್ತು.

ಅವಳ ಅಕ್ಕ ದರ್ಜಿ. ಮನೆಗೆ ಬಂದ ಯಾವ ಕಾಗದವನ್ನೂ ಬಿಸಾಡುವವಳಲ್ಲ, ಎಲ್ಲವೂ ಕಾಲರಿನ ಅಳತೆ ಕತ್ತರಿಸಲು ಬೇಕು. ಮರುದಿನ ಕತ್ತರಿ ಹಿಡಿದವಳು ಎರಡನೇ ಪುಟದಲ್ಲಿ ನಿಂತಳು.

"ಲೇ, ನಿನ್ನ ಮೇಸ್ತ್ರಿ ಡಾಕ್ಟರಾ? ಹನ್ನೆರಡು ಜನರ ಜ್ವರ ಬರೆದಿದ್ದಾನಲ್ಲೇ."

ಅವಳು ಕಾಗದ ಕಿತ್ತುಕೊಂಡಳು. ಹನ್ನೆರಡು ಗುರುತುಗಳು, ಪ್ರತಿಯೊಂದರ ಪಕ್ಕ ಆ ಹೊತ್ತಿನ ಮಣ್ಣಿನ ಉಷ್ಣಾಂಶ. ಬಿಸಿಗೆ ಮಣ್ಣು ಬಿಗಿಯುತ್ತದೆ, ಕಡ್ಡಿ ಎಷ್ಟು ಒತ್ತಬೇಕೆಂದು ತಿಳಿಯಬೇಕು ಎಂದು ಅವನು ಎಲ್ಲಿ ಕೂತರೂ ಅಳೆದು ಬರೆಯುತ್ತಿದ್ದ. ಯಂತ್ರ ಹಿಡಿದ ಐದೂ ಗೋಡೆಯ ನೆರಳಿನಲ್ಲಿದ್ದವು. ತಪ್ಪಿದ ಏಳೂ ಬಿಸಿಲಿನಲ್ಲಿ.

ಕೆಳಗೆ ಹೀಗಿತ್ತು: 'ತಂಪು ಮಣ್ಣಿನಲ್ಲಿ ಯಂತ್ರ ಒಮ್ಮೆಯೂ ತಪ್ಪಿಲ್ಲ. ಇನ್ನೊಂದು ಪರೀಕ್ಷೆ ಕೊಡಿ. ಮೇಡಂ ಸರಿಪಡಿಸುತ್ತಾರೆ. ಅದಕ್ಕೆ ನಾನು ಹೊಣೆ.'

ಅವಳು ತಲೆ ಹಿಡಿದು ಕೂತಳು. ಬಿಸಿ ಹೆಚ್ಚಿದಂತೆ ಆ ಉತ್ತರದ ಜಾಗ ಸ್ವಲ್ಪ ಸರಿಯುತ್ತದೆ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಆರು ವರ್ಷ ತಣ್ಣನೆ ಕೋಣೆಯಲ್ಲಿ ಕೂತವಳು, ಒಂದು ಗೇಣು ಕೆಳಗೆ ಮಣ್ಣು ಯಾವಾಗಲೂ ತಂಪು ಎಂದುಕೊಂಡಿದ್ದಳು!

"ಸಿಟ್ಟಿನಲ್ಲಿ ಕೊಯ್ದ ಮೂಗು ಆಮೇಲೆ ಬರಲ್ಲ ಕಣೇ," ಎಂದಳು ಅಕ್ಕ. "ಆದರೂ ಹೋಗಿ ಕೇಳು. ಇವನು ಹೊಲಿಸ್ಕೊಳ್ಳೋ ಜಾತಿ ಥರ ಕಾಣ್ತಾನೆ."

ಅವಳು ಹೋದಳು, ಕ್ಷಮೆ ಕೇಳಿದಳು. ಆ ಮಾತು ನೋಯಿಸಿತು ಎಂದ ಅವನು. ಆಮೇಲೆ ಮೆಲ್ಲಗೆ, ತಾನೂ ಮೊದಲ ಸಾಲನ್ನು ಕೊನೆಗೆ ಬರೆಯಬೇಕಿತ್ತು ಎಂದ. ಇಬ್ಬರಿಗೂ ನಗು ಬಂತು.

ಕಚೇರಿ ಕೊಟ್ಟದ್ದು ಎಂಟು ದಿನ, ಒಂದೇ ಅವಕಾಶ. ಈ ಸಲ ತಪ್ಪಿದರೆ ಯಂತ್ರ ಗೋದಾಮಿಗೆ. ಅವಳು ಅದಕ್ಕೆ ಮಣ್ಣಿನ ಬಿಸಿ ಅಳೆಯುವ ಸರಳು ಜೋಡಿಸಿದಳು. ಬಿಸಿ ಬದಲಾದಂತೆ ಯಂತ್ರ ಕಿವಿಗೊಡುವ ಜಾಗವೂ ತಾನೇ ಬದಲಾಗುವಂತೆ ಮಾಡಿದಳು. ಪರೀಕ್ಷೆ ನಡುಮಧ್ಯಾಹ್ನವೇ ಆಗಲಿ ಎಂದು ಹಠ ಹಿಡಿದವನು ಮೇಸ್ತ್ರಿ.

ಒಂದು... ಎರಡು... ಬೇಕೆಂದೇ ಬರೀ ಮೊಳೆ ಹೂತಿಟ್ಟ ಕಡೆ ಯಂತ್ರ ಮೌನ. ಒಂಬತ್ತು... ಹತ್ತು... ಹನ್ನೊಂದು... ಹನ್ನೆರಡು! ಹನ್ನೆರಡಕ್ಕೆ ಹನ್ನೆರಡು! ಕಚೇರಿಯವರು ಚಪ್ಪಾಳೆ ತಟ್ಟುವ ಮೊದಲೇ ಮೇಸ್ತ್ರಿಯ ತಂಡ ಹೆಲ್ಮೆಟ್‌ಗಳನ್ನು ಗಾಳಿಗೆ ತೂರಿತ್ತು.

ಐದು ತಿಂಗಳಲ್ಲಿ ಮೈದಾನದಿಂದ ನಲವತ್ತಮೂರು ನೆಲಬಾಂಬ್ ಹೊರಬಂದವು. ಒಬ್ಬರ ಬೆರಳಿಗೂ ಗಾಯವಾಗಲಿಲ್ಲ.

ಶಾಲೆಗೆ ಮೈದಾನ ಒಪ್ಪಿಸುವ ಬೆಳಿಗ್ಗೆ, ಮಕ್ಕಳೂ ತಾಯಂದಿರೂ ಅಂಚಿನಲ್ಲಿ ನಿಂತಿದ್ದರು. ಶುದ್ಧ ಎಂದು ಸಹಿ ಹಾಕಿದವನೇ ಮೊದಲು ಅಡ್ಡಲಾಗಿ ನಡೆದು ತೋರಿಸಬೇಕು, ಅದು ಆ ಕೆಲಸದ ಕಟ್ಟಳೆ. ಮೇಸ್ತ್ರಿ ಹತ್ತು ವರ್ಷ ಒಬ್ಬನೇ ನಡೆದವನು.

"ಇವತ್ತು ನಿಮ್ಮನ್ನ ನಂಬಿ ನಡೀತೀನಿ," ಎಂದ.

"ಹಾಗಾದ್ರೆ ಒಬ್ಬರೇ ಯಾಕೆ?" ಎಂದು ಅವಳು ಅವನ ಕೈ ಹಿಡಿದಳು.

ಮೈದಾನದ ನಟ್ಟನಡುವೆ ಅವನು ನಿಂತುಬಿಟ್ಟ. "ನನ್ನನ್ನ ಮದುವೆ ಆಗ್ತೀರಾ?"

"ಕೇಳೋದಕ್ಕೆ ಬೇರೆ ಜಾಗ ಸಿಗಲಿಲ್ವಾ?"

"ಇಲ್ಲಿಂದ ನೀವು ಓಡಿಹೋಗೋ ಹಾಗಿಲ್ಲ ಅಂದ್ಕೊಂಡೆ."

ಅವಳ ಕಣ್ಣು ತುಂಬಿ ಬಂತು. ಅಂಚಿನಲ್ಲಿ ಕಾದಿದ್ದ ಮಕ್ಕಳನ್ನು ಒಮ್ಮೆ ನೋಡಿ ಅವನತ್ತ ತಿರುಗಿದಳು.

"ಇಲ್ಲಿ ಇನ್ಮೇಲೆ ಯಾರು ಬೇಕಾದ್ರೂ ಓಡಬಹುದು, ಮೇಸ್ತ್ರಿ. ನಾನು ಮಾತ್ರ ಓಡಲ್ಲ."