ಮದುವೆ ಜಾಡಿಯ ಮಣ್ಣು

ಜಾಡಿಯಿಂದ ಬಿದ್ದದ್ದು ಮದ್ಯವಲ್ಲ — ಬೂಷ್ಟು ಹಿಡಿದ ಬೆಲ್ಲದ ನೀರು! ಮೊದಲ ಗುಟುಕು ಕುಡಿದ ಸಂಘದ ಸದಸ್ಯ ಗೌತಮ್ ಕಿಟಕಿಯತ್ತ ಓಡಿದ. ಎರಡನೆಯ ಲೋಟಕ್ಕೆ ಸತ್ತ ಜಿರಳೆಯೊಂದು ಬಿತ್ತು.

ರಾಜಾಜಿನಗರದ ಚಿತ್ರಸಂಘದಲ್ಲಿ ಆ ಭಾನುವಾರ ಚೀನಾದ ಹಳೆಯ ನದಿಯೂರೊಂದರ ಹಬ್ಬ. ಆ ಊರಿನಲ್ಲೇ ತೆಗೆದ ಕಪ್ಪು-ಬಿಳುಪು ಚಿತ್ರ, ಆ ಊರಿನ ಊಟ, ಆ ಊರಿನ ಅಕ್ಕಿಮದ್ಯ. ಅಲ್ಲಿ ಮಗಳು ಹುಟ್ಟಿದರೆ ಮದ್ಯದ ಜಾಡಿಗೆ ಮಣ್ಣಿನ ಮುದ್ರೆ ಹಾಕಿ ಹೂಳುತ್ತಾರೆ. ಅವಳ ಮದುವೆಯ ದಿನ ತೆಗೆಯುತ್ತಾರೆ. ಪರದೆಯ ಮೇಲೆ ಮದುವೆ ಜಾಡಿಯ ಮುದ್ರೆ ಒಡೆದಾಗಲೇ ಇಲ್ಲಿಯೂ ಒಡೆದಿದ್ದರು.

ಜಾಡಿ ತಂದವನು ಅಡುಗೆಯ ಭೈರೇಶ್. ಆ ಊರಿನ ಹೋಟೆಲಿನಲ್ಲಿ ಆರು ವರ್ಷ ದುಡಿದವನು. ಅವನ ಮುದುಕಿ ಯಜಮಾನಿಯ ಮಗಳು ಮದುವೆಗೆ ಮುಂಚೆಯೇ ತೀರಿಕೊಂಡಿದ್ದಳು. ನಿಮ್ಮೂರಲ್ಲಾದರೂ ನಾಲ್ಕು ಜನ ಕುಡಿದು ಅವಳ ಹೆಸರು ಹೇಳಲಿ ಎಂದು ಮುದುಕಿ ಜಾಡಿ ಕೊಟ್ಟು ಕಳಿಸಿದ್ದಳು.

"ಥೂ!" ಸಂಘದ ಹಿರಿಯ ಸದಸ್ಯೆ ಅನಂತಲಕ್ಷ್ಮಿ ಲೋಟವನ್ನು ದೂರ ತಳ್ಳಿದರು. ಅಬಕಾರಿ ಇಲಾಖೆಯಲ್ಲಿ ಮೂವತ್ತು ವರ್ಷ ಕಳ್ಳಭಟ್ಟಿ ಮೂಸಿದ ಮೂಗು ಅವರದು. ಸತ್ತ ಹುಡುಗಿಯ ಜಾಡಿಗೆ ಇಂಥ ಕೊಳಕು ತುಂಬಿದವನನ್ನು ಅವರೂ ಕಂಡಿರಲಿಲ್ಲ.

ಬಾಗಿಲಲ್ಲೇ ನಿಂತಿದ್ದ ಅಧ್ಯಕ್ಷ ವೆಂಕಟಗಿರಿ ಶಲ್ಯದಿಂದ ಮೂಗು ಮುಚ್ಚಿಕೊಂಡರು. ಭೈರೇಶ್ ಆ ಊರಿನ ಊಟಕ್ಕೆಂದು ಹುಳಿಸಿದ ಸೋಯಾ ಗಿಣ್ಣು ಕರಿಯುವ ವಾಸನೆ ತಾಳಲಾರದೆ ಬೆಳಗ್ಗೆಯೇ ಅವರು ಬೆರಣಿ ಧೂಪ ಹಾಕಿದ್ದರು. ಕೋಣೆಯೆಲ್ಲ ಇನ್ನೂ ಹೊಗೆ.

"ಹೆಂಡ ಗಿಂಡ ಬೇಡ ಅಂತ ಬಡ್ಕೊಂಡೆ, ಯಾರು ಕೇಳಿದ್ರಿ? ಆ ಮುದ್ರೆ ಸಗಣಿ ಕಲೆಸಿದ ಮಣ್ಣು! ಜಾಡಿ ಇಟ್ಟಿದ್ದ ಉಗ್ರಾಣದ ಕೀಲಿ ನನ್ನ ಬಿಟ್ರೆ ಶಿವಕ್ಕನ ಹತ್ರ. ಕೆಂಗೇರೀಲಿ ಹಸು ಸಾಕಿರೋಳು ಯಾರು?"

ಕಸ ಗುಡಿಸುವ ಶಿವಕ್ಕನ ಕೈಯಿಂದ ಪೊರಕೆ ಜಾರಿತು. ಸಂಘದ ಜೊತೆಗೆ ಅದೇ ಬೀದಿಯ ಮೂರು ಮನೆಗಳಲ್ಲೂ ಅವಳದೇ ಕೆಲಸ.

"ನನ್ನ ಹಸು ಆಣೆ, ನಾನು ಮುಟ್ಟಿಲ್ಲ! ಕಳ್ಳಿ ಅಂತ ಹೆಸರು ಬಂದ್ರೆ ಯಾರಮ್ಮ ಬಾಗ್ಲು ತೆಗೀತಾರೆ ನಂಗೆ?"

"ನಾಳೆಯಿಂದ ಬರಬೇಡ," ಎಂದರು ವೆಂಕಟಗಿರಿ.

"ಒಂದ್ನಿಮಿಷ." ಅನಂತಲಕ್ಷ್ಮಿ ಮೇಜಿನ ಮೇಲಿದ್ದ ಮುದ್ರೆಯ ಚೂರೊಂದನ್ನು ಎತ್ತಿಕೊಂಡರು. "ಭೈರೇಶ್, ಮೊದಲಿನ ಮುದ್ರೆ ಹೇಗಿತ್ತು?"

"ಹೊಳೆ ಮಣ್ಣು, ಭತ್ತದ ಹೊಟ್ಟು ಮೇಡಂ. ಇದು ಅದಲ್ಲ. ಮೇಲೆ ಕೆಂಪು ಬಟ್ಟೆ ಕಟ್ಟಿತ್ತಲ್ಲ, ಒಡೆಯೋ ಭರದಲ್ಲಿ ನಾನೂ ನೋಡ್ಲಿಲ್ಲ."

"ಉಗ್ರಾಣದಲ್ಲಿ ಎಷ್ಟು ದಿನ ಇತ್ತು?"

"ನಾಲ್ಕು ತಿಂಗಳು."

"ಶಿವಕ್ಕ, ಗೋಡೆಗೆ ಮೆತ್ತುವಾಗ ನೀನು ಮಣ್ಣಿಗೆ ಸಗಣಿ ಹೇಗೆ ಹಾಕ್ತೀಯ?"

"ಹಸಿ ಸಗಣೀನೇ ಅಮ್ಮ. ತುಳಿದು, ಎರಡು ದಿನ ಕೊಳೆಯಾಕ್ ಬಿಟ್ಟು ಮೆತ್ತೋದು. ಇಲ್ದಿದ್ರೆ ಬಿರುಕು ಬಿಡ್ತದೆ."

ಅನಂತಲಕ್ಷ್ಮಿ ಹೊಗೆ ತಾಗದಂತೆ ಕಿಟಕಿಯಾಚೆ ಬಾಗಿ ಚೂರನ್ನು ಮುರಿದರು. ಒಳಗೆಲ್ಲ ಬಿರುಕು, ಒಣ ನಾರು, ನಡುವೆ ಬಿಳಿಯ ಕಾಳು. ಬೆರಳಲ್ಲಿ ಉಜ್ಜಿ ಮೂಸಿ, ಬಾಗಿಲತ್ತ ತಿರುಗಿದರು.

"ವೆಂಕಟಗಿರಿಯವರೇ, ಧೂಪದ ಬೆರಣಿ ಚೆನ್ನಾಗಿದೆ. ಎಲ್ಲಿ ತಂದ್ರಿ?"

"ನಮ್ಮನೇದು. ಹೋಮಕ್ಕೆ ಅಂತ ಆನ್‌ಲೈನಲ್ಲಿ ತರಿಸ್ತೀನಿ. ಕರ್ಪೂರ ಸೇರಿಸೇ ತಟ್ಟಿರ್ತಾರೆ. ಶುದ್ಧ!"

"ಈ ಮುದ್ರೇಲೂ ಕರ್ಪೂರ ಇದೆ."

ಅನಂತಲಕ್ಷ್ಮಿ ಚೂರನ್ನು ಮೇಜಿನ ಮೇಲಿಟ್ಟರು.

"ಹಸು ಸಾಕಿರೋಳು ಪ್ಯಾಕೆಟ್ ಬೆರಣಿ ಪುಡಿ ಮಾಡಿ ಮಣ್ಣಿಗೆ ಹಾಕ್ತಾಳಾ? ಮಣ್ಣು ಕಲೆಸೋದೇ ಗೊತ್ತಿಲ್ಲದೋರ ಕೆಲಸ ಇದು. ಇನ್ನೊಂದು — ಈ ಹೊಗೇಲಿ ಯಾರ ಮೂಗಿಗೂ ಏನೂ ಹತ್ತಿರ್ಲಿಲ್ಲ. ಮುದ್ರೆ ಒಡೆದ ಮೇಲೆ ನೀವು ಬಾಗಿಲು ಬಿಟ್ಟು ಒಳಗೇ ಬಂದಿಲ್ಲ. ಅದು ಸಗಣಿ ಅಂತ ಹೇಗೆ ಗೊತ್ತಾಯ್ತು?"

ವೆಂಕಟಗಿರಿಯವರ ಶಲ್ಯ ಮೂಗಿನಿಂದ ಕೆಳಗಿಳಿಯಿತು. ಹೇಳೋದು ಶಾಸ್ತ್ರ, ಹಾಕೋದು ಗಾಳ!

"ಒಂದೇ ಲೋಟ ಅಂತ ಶುರು ಮಾಡ್ದೆ..." ಎಂದರು. "ದಿನಾ ಸಂಜೆ... ಖಾಲಿಯಾಗಿದ್ದೇ ಗೊತ್ತಾಗ್ಲಿಲ್ಲ. ನಾನು ಮುಟ್ಟೋನಲ್ಲ ಅಂತ ಎಲ್ರಿಗೂ ಗೊತ್ತು. ನನ್ನ ಮರ್ಯಾದೆ..."

"ಕುಡಿದಿದ್ದಕ್ಕೆ ನಂಗೆ ಹೇಸಿಗೆ ಇಲ್ಲ ರೀ. ಎಷ್ಟೋ ಕುಡುಕರನ್ನ ನೋಡಿದೀನಿ. ಬೆರಣಿ ಪುಡಿ ಮಾಡ್ತಾ ಕೂತಾಗ, ತಪ್ಪು ಹೊರಿಸೋಕೆ ಇವಳ ಹಸು ನೆನಪಾಯ್ತಲ್ಲ ನಿಮಗೆ — ಅದಕ್ಕೆ ಹೇಸಿಗೆ!"

ಭೈರೇಶ್ ಖಾಲಿ ಜಾಡಿಯನ್ನು ತಬ್ಬಿಕೊಂಡು ಕೂತಿದ್ದ. ಮುದುಕಿಗೆ ಫೋನಿನಲ್ಲಿ ಏನು ಹೇಳಬೇಕೋ ಅವನಿಗೆ ತಿಳಿಯಲಿಲ್ಲ. ಗಾಬರಿಯಲ್ಲಿ ಮಗುಚಿದ ಲೋಟಗಳ ನೀರು ಕುರ್ಚಿಗಳ ಕೆಳಗೆ ಹರಿದು ನಾರತೊಡಗಿತ್ತು. ಯಾರೋ ಅಭ್ಯಾಸಬಲದಿಂದ, "ಶಿವಕ್ಕ, ಒರೆಸಿಬಿಡಮ್ಮ," ಎಂದರು.

ಶಿವಕ್ಕ ಒರೆಸುವ ಬಟ್ಟೆ ತಂದಳು. ನೆಟ್ಟಗೆ ಬಾಗಿಲಿಗೆ ಹೋಗಿ ಅದನ್ನು ವೆಂಕಟಗಿರಿಯವರ ಕೈಗಿಟ್ಟಳು.

"ಆ ಮೂಲೇಲಿ ಜಿರಳೆನೂ ಐತೆ ಸ್ವಾಮಿ," ಎಂದಳು.